ಮೂರನೇ ಕರೆಗೆ ಓ ಎಂದವರು

ಬೋರಗಾಂವದಲ್ಲಿ ಮಗ್ಗಗಳ ಸದ್ದಿಗೆ ಯಾರಿಗೂ ಎಚ್ಚರವಾಗುವುದಿಲ್ಲ. ಸದ್ದು ನಿಂತರೆ ಎಚ್ಚರವಾಗುತ್ತದೆ. ಮಧ್ಯಾಹ್ನ ಕರೆಂಟು ಹೋದ ಕೂಡಲೇ ಜೋಳಿಗೆಯಲ್ಲಿ ಮಲಗಿದ ಕೂಸುಗಳು ಅಳುತ್ತವೆ, ಕಟ್ಟೆಯ ಮೇಲೆ ತೂಕಡಿಸುವ ಮುದುಕರು ಕಣ್ಣು ಬಿಟ್ಟು ಏನಾಯಿತೆಂದು ಸುತ್ತ ನೋಡುತ್ತಾರೆ. ಭರತ ಹುಟ್ಟಿ ಬೆಳೆದದ್ದು ಆ ಸದ್ದಿನೊಳಗೆ. ಮನೆಯ ಹಿತ್ತಲಿಗೆ ಅಂಟಿಕೊಂಡೇ ಎಂಟು ಮಗ್ಗಗಳ ಶೆಡ್ಡು. ಒಂದೊಂದು ಮಗ್ಗದ ನಡೆ ಅವನಿಗೆ ಗೊತ್ತು. ಕಣ್ಣು ಮುಚ್ಚಿ ನಿಂತರೂ ಐದನೆಯದು ಕುಂಟುತ್ತಿದೆ, ಎರಡನೆಯದರ ಲಾಳಿ ಈಗ ಸಿಕ್ಕಿಕೊಳ್ಳುತ್ತದೆ ಎಂದು ಹೇಳಬಲ್ಲ. ಕೆಟ್ಟ ಮಗ್ಗವನ್ನು ತಾನೇ ಬಿಚ್ಚಿ ತಾನೇ ಕೂಡಿಸುತ್ತಾನೆ.

ಈಗ ಅವನಿಗೆ ಮೂವತ್ತೈದು. ಉದ್ದನೆಯ ಕೂದಲನ್ನು ರಬ್ಬರ್ ಬ್ಯಾಂಡಿನಿಂದ ಹಿಂದಕ್ಕೆ ಕಟ್ಟಿರುತ್ತಾನೆ, ಬಸದಿಗೆ ಹೋಗುವಾಗ ಮಾತ್ರ ಟೋಪಿಯೊಳಗೆ ಸೇರಿಸಿಕೊಳ್ಳುತ್ತಾನೆ. ಕಪ್ಪು ಅಂಗಿ ಬಿಟ್ಟರೆ ಬೇರೆ ಅಂಗಿ ಹಾಕುವುದು ಅಪರೂಪ. ಸೂರ್ಯ ಮುಳುಗುವ ಮೊದಲು ಉಂಡು ಕೈ ತೊಳೆಯುವ ಮನೆಯ ನೇಮವನ್ನು ಒಂದು ದಿನವೂ ತಪ್ಪಿಸಿದವನಲ್ಲ.

ಹದಿನೆಂಟನೆಯ ವಯಸ್ಸಿನಲ್ಲಿ ಇಚಲಕರಂಜಿಗೆ ಬಟ್ಟೆ ಒಯ್ಯುವ ಲಾರಿಯಲ್ಲಿ ಡ್ರೈವರ್ ಪಕ್ಕದಲ್ಲಿ ಕುಳಿತು ಹೋಗುವಾಗ, ಆ ಡ್ರೈವರನ ಮೆಮೊರಿ ಕಾರ್ಡಿನಲ್ಲಿ ಹೇಗೋ ಸೇರಿಕೊಂಡಿದ್ದ ಒಂದು ಹೆವಿ ಮೆಟಲ್ ಹಾಡು ಕೇಳಿದ. ಡ್ರೈವರ್ ಬೈದುಕೊಂಡು ಮುಂದಿನ ಹಾಡಿಗೆ ಹೋಗಲು ಕೈ ಚಾಚಿದ. ಭರತ ಕೈ ಹಿಡಿದು ನಿಲ್ಲಿಸಿದ. "ತಡೀರಿ ಕಾಕಾ, ಇದು ನಮ್ಮ ಶೆಡ್ಡ ಐತಿ" ಎಂದ. ಅಂದಿನಿಂದ ಎಣ್ಣೆಯ ಡಬ್ಬಗಳನ್ನು ಬಡಿಯುತ್ತ ಕಲಿತ. ಆಮೇಲೆ ನಿಪ್ಪಾಣಿಯ ಮದುವೆ ಬ್ಯಾಂಡಿನವರು ಬಿಟ್ಟ ಹಳೆಯ ಡ್ರಮ್ಮುಗಳು ಬಂದವು, ಎರಡು ಕಾಲಿನಿಂದ ತುಳಿಯುವ ಪೆಡಲ್ಲು ಬಂತು. ಕುಳಿತಲ್ಲಿ ನಿಂತಲ್ಲಿ ಅವನ ಹಿಮ್ಮಡಿ ನೆಲ ಬಡಿಯುತ್ತಲೇ ಇರುತ್ತದೆ.

ಬ್ಯಾಂಡಿನಲ್ಲಿ ಮೂವರು. ನಿಪ್ಪಾಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟು ಮದುವೆಯ ವಿಡಿಯೋ ಮಾಡುವ ಅಮೋಲ ಗಿಟಾರ್ ಬಾರಿಸಿ ಹಾಡುತ್ತಾನೆ. ಮಾತಾಡಿದರೆ ಪಕ್ಕದವರಿಗೆ ಕೇಳದಷ್ಟು ಮೆತ್ತಗಿನ ಮನುಷ್ಯ, ಹಾಡಲು ನಿಂತರೆ ಬಾವಿಯೊಳಗಿಂದ ಬಂಡೆ ಎಳೆದಂತೆ ಗುರುಗುಟ್ಟುತ್ತಾನೆ. ಚಿಕ್ಕೋಡಿಯ ಕಾಲೇಜಿನಲ್ಲಿ ಗಣಿತ ಕಲಿಸುವ ಸೀಮಾ ಬೇಸ್ ಗಿಟಾರ್ ಹಿಡಿಯುತ್ತಾಳೆ. ಬ್ಯಾಂಡಿನ ಹೆಸರು ಲಾಳಿ. ಭರತನ ತಾಯಿ ಲಕ್ಷ್ಮಿಬಾಯಿ ಮೂವರಿಗೂ ಚಹಾ ಕೊಡುತ್ತ, "ನಿಮ್ಮ ಹಾಡ ಕೇಳಿ ನಮ್ಮ ಎಮ್ಮಿ ಎರಡ ದಿನಾ ಹಾಲ ಬಿಡಲಿಲ್ಲ, ಭರತ. ಆ ಅಮೋಲನ ಗಂಟಲಿಗೆ ಒಂದೀಟ ತುಪ್ಪಾದರೂ ಹಾಕ್ರಿ" ಎನ್ನುವಳು.

ಎರಡು ವರ್ಷದ ಹಿಂದೆ ಅವರ ಮೊದಲನೆಯ ಆಲ್ಬಮ್ ಬಂದಿತ್ತು. ಎಂಟೂ ಮಗ್ಗ ನಡೆಯುತ್ತಿರುವಾಗಲೇ ಶೆಡ್ಡಿನಲ್ಲಿ ಕುಳಿತು ಮಾಡಿದ್ದು. ಅದನ್ನು ಕೇಳಿ ಈ ವರ್ಷ ಕೊಲ್ಲಾಪುರದಿಂದ ಶೈಲಾ ಎಂಬ ಹೆಣ್ಣುಮಗಳು ಅವರ ಸಂದರ್ಶನದ ವಿಡಿಯೋ ಮಾಡಲು ಬಂದಳು.

"ಹೆವಿ ಮೆಟಲ್ ಅಂದ್ರ ಬರೇ ಗದ್ದಲ ಅಂತಾರಲ್ರಿ ಜನ?" ಎಂದು ಕೇಳಿದಳು.

"ನಮ್ಮೂರಾಗ ಗದ್ದಲ ಅಂದ್ರ ಊಟಾ ರೀ" ಎಂದ ಭರತ. "ಗದ್ದಲ ನಿಂತ ದಿನಾ ಒಲಿ ಹತ್ತೂದಿಲ್ಲ."

"ಹೊಸ ಆಲ್ಬಮ್ ಹ್ಯಾಂಗ ಇರತೈತಿ?"

ಅಮೋಲ ಗಂಟಲು ಸರಿಮಾಡಿಕೊಂಡ. "ಮೊದಲನೇದ್ದು ಸಿಟ್ಟಿನ್ಯಾಗ ಮಾಡಿದ್ವಿ. ಈಗ ಸಿಟ್ಟು ಇಳದೈತ್ರಿ, ಲಗ್ನಾ ಆತು. ಎರಡನೇದಕ್ಕ ಹೆದರಿಕಿ ಬೇಕಾಗೇತಿ."

"ಹೆದರಿಕಿ ಬೇಕಂದ್ರ ನಮ್ಮ ಹುಡುಗೂರ ಪೇಪರ್ ತಿದ್ದಾಕ ಬಾ" ಎಂದಳು ಸೀಮಾ. ಎಲ್ಲರೂ ನಕ್ಕರು.

ಆದರೆ ಅಮೋಲ ನಗೆಗೆ ಹೇಳಿರಲಿಲ್ಲ. ಹೊಸ ಆಲ್ಬಮ್ಮಿನ ಏಳು ಹಾಡುಗಳಲ್ಲಿ ಒಂದೇ ಕತೆ. ಮಗ್ಗದ ಮುಂದೆಯೇ ಜೀವ ಬಿಟ್ಟ ಒಬ್ಬ ನೇಕಾರ. ತಾನು ಸತ್ತದ್ದು ಅವನಿಗೆ ಗೊತ್ತಿಲ್ಲ, ದಿನವೂ ಶೆಡ್ಡಿಗೆ ಬಂದು ನೂಲು ಕೂಡಿಸುತ್ತಾನೆ. ಆರು ಹಾಡು ಮುಗಿದಿದ್ದವು. ಏಳನೆಯದರಲ್ಲಿ ಯಾರಾದರೂ ಅವನಿಗೆ ವಿಷಯ ತಿಳಿಸಿ ಕಳಿಸಿಕೊಡಬೇಕು. ಅಲ್ಲಿ ಅಮೋಲನ ಗಂಟಲು ಸಾಲದು ಎಂದು ಮೂವರಿಗೂ ಅನಿಸಿತ್ತು.

"ಅಕ್ಕವ್ವ ಆಯಿ ಅಂತ ಅದಾಳ" ಎಂದಳು ಸೀಮಾ. "ನಮ್ಮವ್ವನ ತವರು ಕಬ್ಬೂರದಾಕಿ. ಹೆಣದ ಮುಂದ ಕುಂತ ಹಾಡಿ ಅಳತಾಳ. ನಮ್ಮ ಮಾವ ತೀರಿಕೊಂಡಾಗ ಕೇಳೇನಿ. ನಮ್ಮ ಬೇಸು ಡ್ರಮ್ಮು ಎಲ್ಲಾ ಮುಚ್ಚಿ ಇಡಬೇಕ ನೋಡ್ರಿ."

ವಾರದ ಸುಟಿಯ ದಿನ, ಮಗ್ಗಗಳೆಲ್ಲ ನಿಂತಾಗ, ಮಧ್ಯಾಹ್ನದ ಹೊತ್ತಿಗೆ ಅಕ್ಕವ್ವನನ್ನು ಕರೆತಂದರು. ಎಪ್ಪತ್ತು ದಾಟಿದ ಸಣ್ಣ ಆಳಿನ ಮುದುಕಿ, ಹಣೆಯ ತುಂಬ ಭಂಡಾರದ ಅರಿಶಿನ. ಒಳಗೆ ಬಂದವಳು ಮಗ್ಗಗಳ ಮೇಲೆ ಬಿಗಿದು ನಿಂತ ನೂಲುಗಳನ್ನು ನೋಡಿ, ಅವುಗಳಿಗೆ ಸೀರೆ ತಾಗದಂತೆ ಸರಿದು ನಡೆದಳು. ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ಒಳಗೆ ತಗಡಿನ ಮಾಡು ಕಾದು ಆಗೊಮ್ಮೆ ಈಗೊಮ್ಮೆ ಟಕ್ ಎನ್ನುತ್ತಿದ್ದುದು ಬಿಟ್ಟರೆ ಸದ್ದಿಲ್ಲ. ಅಮೋಲ ಮೂರು ಮತ್ತು ನಾಲ್ಕನೆಯ ಮಗ್ಗಗಳ ನಡುವೆ ಮೈಕು ನಿಲ್ಲಿಸಿದ. ಭರತ ದೂರ, ಎಂಟನೆಯ ಮಗ್ಗದ ಹತ್ತಿರ ಕುಳಿತ.

"ಹೆಸರ ಹೇಳ್ರಿ" ಎಂದಳು ಅಕ್ಕವ್ವ.

"ಹೆಸರಿಲ್ಲ ಆಯಿ. ಕತಿಯೊಳಗಿನ ಮನಷ್ಯಾ" ಎಂದ ಅಮೋಲ.

"ಹೆಸರಿಲ್ಲದ ಹೆಣಾ ನಾ ಎಲ್ಲೂ ಕಂಡಿಲ್ಲ, ತಮ್ಮಾ. ಮೂರ ಸಲ ಹೆಸರ ಹಿಡದ ಕರಿಬೇಕು. ಮೂರೂ ಸಲ ಅವರು ಓ ಅನ್ನೂದಿಲ್ಲ. ಆಗ ಗೊತ್ತಾಗತೈತಿ, ಹೋಗ್ಯಾರ ಅಂತ. ಆಮ್ಯಾಲ ನಾ ದಾರಿ ಬಿಡತೇನಿ. ಅದಕ್ಕ ಸತ್ತವರ ಹೆಸರ ಬೇಕು. ಇದ್ದವರದ ಮಾತ್ರ ಹೇಳಬ್ಯಾಡ್ರಿ."

ಅಮೋಲ ಸೀಮಾಳ ಮುಖ ನೋಡಿದ. ಭರತ ಎದ್ದು ಬಂದ.

"ನಮ್ಮಜ್ಜನ ಹೆಸರ ಹಿಡೀರಿ ಆಯಿ. ಭೀಮಗೊಂಡ. ಈ ಶೆಡ್ಡ ಹಾಕಿದವರು. ನಾ ಹುಟ್ಟೂದಕ್ಕ ಒಂದ ವರ್ಷ ಮೊದಲ ತೀರಿಕೊಂಡಾರ."

"ಆ ಹೆಸರಿನವರು ನಿಮ್ಮ ಮನ್ಯಾಗ ಬ್ಯಾರೆ ಯಾರರ ಅದಾರೇನ?"

"ಯಾರೂ ಇಲ್ರಿ."

"ಚೊಲೊ. ಗುರುತ ಹೇಳು. ಹ್ಯಾಂಗ ಕುಂಡರತಿದ್ರು, ಹ್ಯಾಂಗ ನಡೀತಿದ್ರು."

ಭರತನಿಗೆ ಅಜ್ಜನ ಗುರುತು ಏನು ಗೊತ್ತು? ಪಡಸಾಲೆಯಲ್ಲಿ ರುಮಾಲು ಸುತ್ತಿದ ಒಂದು ಫೋಟೋ, ಅಷ್ಟೇ. ಮನೆಯಲ್ಲಿ ಅವರ ಮಾತು ತೆಗೆಯುವವರಿರಲಿಲ್ಲ. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಅವ್ವ ಸೊಸೆಯಾದವಳು, ಮಾವನ ಹೆಸರು ಎತ್ತುವ ಹಾಗಿಲ್ಲ. ಹಾಡು ಬರೆಯುವಾಗ ಏನೂ ತೋಚದಿದ್ದರೆ ತನ್ನದನ್ನೇ ಬರೆಯುವುದು ಭರತನ ರೂಢಿ. ಈಗಲೂ ಹಾಗೇ ಮಾಡಿದ. ಕುಳಿತಲ್ಲಿ ಹಿಮ್ಮಡಿಯಿಂದ ನೆಲ ಬಡಿಯುತ್ತಿದ್ದರು ಎಂದ. ಕತ್ತರಿ ಹುಡುಕದೆ ನೂಲನ್ನು ಎಡಗಡೆಯ ಹಲ್ಲಿನಿಂದ ಕಡಿಯುತ್ತಿದ್ದರು. ಯಾರಾದರೂ ಮಾತಾಡಿದರೆ ಬಲಕ್ಕೆ ತಲೆ ವಾಲಿಸಿ ಕೇಳುತ್ತಿದ್ದರು.

ಅಕ್ಕವ್ವ ನೆಲದ ಮೇಲೆ ಕುಳಿತಳು. ಮುಂದೆ ಹೆಣವಿದ್ದಂತೆ ಕೈ ಚಾಚಿ, ಖಾಲಿ ನೆಲವನ್ನು ಸವರಿದಳು. ಸೀಮಾ ತೋಳು ಉಜ್ಜಿಕೊಂಡಳು. ಹಾಡು ಶುರುವಾದದ್ದು ಯಾವಾಗ ಎಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ. ಮೊದಲು ಮೂಗಿನಲ್ಲಿ ಒಂದು ಗುನುಗು, ಮುಂದೆ ಅದೇ ಮಾತಾಯಿತು.

"ನೆಲಾ ಕೇಳತೈತೋ ನಿನ ಹಿಮ್ಮಡಾ ಎಲ್ಲಿ ಅಂತ,
ನೂಲ ಕೇಳತೈತೋ ಕಡಿಯೂ ಹಲ್ಲ ಎಲ್ಲಿ ಅಂತ,
ತಲಿ ವಾಲಿಸಿ ಯಾರ ಮಾತ ಕೇಳಾಕ ಹೋದ್ಯೋ,
ಬಾರೋ ನನ್ನಪ್ಪಾ, ಭೀಮಗೊಂಡಾ..."

ಕೊನೆಯ ಹೆಸರು ಮಾಡಿಗೆ ಬಡಿದು ಇಳಿಯಿತು. ಅಕ್ಕವ್ವ ಸುಮ್ಮನಾದಳು. ಮಾಡಿನ ತಗಡು ಟಕ್ ಎಂದಿತು. ಮತ್ತೆ ಹಾಡಿ, ಎರಡನೆಯ ಸಲ ಕರೆದು ಸುಮ್ಮನಾದಳು. ಭರತ ತನ್ನ ಹಿಮ್ಮಡಿಯನ್ನು ಕೈಯಿಂದ ಒತ್ತಿ ಹಿಡಿದುಕೊಂಡಿದ್ದ. ಮೂರನೆಯ ಸಲ ಕರೆದಳು.

ಸ್ವಲ್ಪ ಹೊತ್ತು ಕಾದವಳು ತಟಕ್ಕನೆ ಕಣ್ಣು ಬಿಟ್ಟಳು.

"ಯಾರು ಓ ಅಂದವರು?"

ಭರತ, ಸೀಮಾ ಮುಖ ಮುಖ ನೋಡಿಕೊಂಡರು. "ಯಾರೂ ಅಂದಿಲ್ಲ ಆಯಿ" ಎಂದಳು ಸೀಮಾ.

ಅಮೋಲ ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದು ನಕ್ಕ. "ಭರತ್ಯಾ ಅಂದಾನ. ನಾ ಕೇಳಿದೆ."

"ನಾ ಅಂದಿಲ್ಲಲೇ!"

"ಅಂದೀ ಲೇ, ಚಂದ ಅಂದೀ."

ಅಕ್ಕವ್ವ ಮೊಣಕಾಲಿಗೆ ಕೈ ಕೊಟ್ಟು ಎದ್ದಳು. "ಐವತ್ತ ವರ್ಷ ಕರದೇನಿ. ಒಬ್ಬರೂ ಓ ಅಂದಿಲ್ಲ. ಇದು ಮುಂದ ಹಾಡೂ ಹಾಡಲ್ಲ. ನನ್ನ ಬಸ್ ಸ್ಟ್ಯಾಂಡಿಗೆ ಬಿಡ್ರಿ." ಲಕ್ಷ್ಮಿಬಾಯಿ ಕಳಿಸಿದ್ದ ಚಹಾವನ್ನು ಅವಳು ಮುಟ್ಟಲಿಲ್ಲ.

ಮರುದಿನ ಮೂವರೂ ನಿಪ್ಪಾಣಿಯ ಸ್ಟುಡಿಯೋದಲ್ಲಿ ಕುಳಿತು ಆ ರೆಕಾರ್ಡಿಂಗ್ ಕೇಳಿದರು. ಮೊದಲನೆಯ ಕರೆ, ಆಮೇಲೆ ಮೌನ. ಎರಡನೆಯ ಕರೆ, ಆಮೇಲೆ ಮೌನ. ಮೂರನೆಯ ಕರೆಯ ಹಿಂದೆಯೇ ಒಂದು "ಓ". ಜೋರಿರಲಿಲ್ಲ. ಬಾಗಿಲಲ್ಲಿ ನಿಂತವರು ಹೆಸರು ಹಿಡಿದಾಗ ಒಳಗಿನಿಂದ ಕೆಲಸ ಬಿಡದೆ ಅನ್ನುವಂಥ "ಓ". ಅಮೋಲ ಕಂಪ್ಯೂಟರಿನ ಪರದೆಯ ಮೇಲೆ ದನಿಯ ಗೆರೆಗಳನ್ನು ತೋರಿಸಿದ. "ನೋಡು, ನೀ ಎಂಟನೇ ಮಗ್ಗದ ಕಡೆ ಇದ್ದಿ. ಇದು ಮೈಕಿನ ಬಾಯಿಗೆ ಬಾಯಿ ಹಚ್ಚಿ ಅಂದಂಗ ಐತಿ. ಹ್ಯಾಂಗ ಮಾಡಿದಿ?"

"ಯಾರ ದನಿ ಅದು?" ಎಂದ ಭರತ.

"ಯಾರದಂದ್ರ? ನಿಂದ."

ಹೌದು, ಅವನದೇ ದನಿ. ಭರತನಿಗೂ ಅದು ಗೊತ್ತಾಯಿತು. ತಾನು ಆಡದ ಮಾತನ್ನು ತನ್ನ ದನಿಯಲ್ಲಿ ಕೇಳಿದವನಿಗೆ ಹೇಗಾಗುತ್ತದೆ ಎಂದು ಹೇಳಿ ತಿಳಿಸುವುದು ಕಷ್ಟ. ಅವನು ನೀರು ಕೇಳಿ ಕುಡಿದ.

"ಅಳಸು ಅದನ್ನ."

"ಹುಚ್ಚೇನಲೇ? ಇಂಥಾ ಒಂದ ಓ ಸಿಗಲಿ ಅಂತ ದೊಡ್ಡ ದೊಡ್ಡ ಬ್ಯಾಂಡಿನವರು ಸ್ಮಶಾನದಾಗ ಮೈಕ್ ಇಟ್ಟ ಕಾಯತಾರ. ನಮಗ ಸುಟಿ ದಿನಾ ಮಧ್ಯಾಹ್ನ ಸಿಕ್ಕೇತಿ. ಆಲ್ಬಮ್ ನಿಂತಿದ್ದ ಇದರ ಸಲುವಾಗಿ."

ಎರಡನೆಯ ಸಲ ಹಚ್ಚಿದಾಗ ಸೀಮಾ ಎದ್ದು ಹೊರಗೆ ಹೋಗಿ ನಿಂತಳು.

ಅದಾಗಿ ಎರಡು ದಿನಕ್ಕೆ ಶೆಡ್ಡಿನಲ್ಲಿ ಕೆಲಸ ಮಾಡುವ ಸಂಭಾಜಿ ಬಂದು ಭರತನ ಅಂಗಿ ಹಿಡಿದು ಜಗ್ಗಿದ. "ಏನ್ ಭರತಣ್ಣಾ, ಎಷ್ಟ ಒದರಬೇಕು? ಸಿಟ್ಟ ಮಾಡಿಕೊಂಡೀರೇನ?" ಭರತನಿಗೆ ಕಂಡದ್ದು ಸಂಭಾಜಿಯ ತುಟಿ. ಕೇಳಿದ್ದು, "ಏನ್, ಎಷ್ಟ ಒದರಬೇಕು? ಸಿಟ್ಟ ಮಾಡಿಕೊಂಡೀರೇನ?" ಎಂದು ಮಾತ್ರ. ನಡುವೆ ಒಂದು ಸಣ್ಣ ತೂತು ಬಿದ್ದಂತಿತ್ತು. ಮಗ್ಗದವರ ಕಿವಿ ಮಂದವಾಗುವುದು ಊರಲ್ಲಿ ಹೊಸದಲ್ಲ. ಅವನದೂ ಎಡಗಿವಿ ಮೊದಲೇ ಮಂದ. ಅವನು ಅದನ್ನು ಅಲ್ಲಿಗೇ ಬಿಟ್ಟ.

ಆದರೆ ಪ್ರಾಕ್ಟೀಸಿಗೆ ಕೂತಾಗ ಅಮೋಲ ಹೆಸರು ಹಿಡಿದು ಕೂಗಿದರೂ ನಿಲ್ಲದೆ ಬಾರಿಸುತ್ತಲೇ ಇದ್ದ. ಚಹಾದಂಗಡಿಯವನು ಕರೆದರೆ ತಿರುಗಲಿಲ್ಲ. ಅವ್ವ ಅಡುಗೆಮನೆಯಿಂದ ಮೂರು ಸಲ ಕರೆದು, ಹೊರಗೆ ಬಂದು, ಅವನು ಸುಮ್ಮನೆ ಗೋಡೆ ನೋಡುತ್ತ ಕುಳಿತದ್ದನ್ನು ಕಂಡು ಒಳಗೆ ಹೋದಳು. ಅವನ ಹೆಂಡತಿ ಕಾಜಲ "ಅಲ್ರೀ" ಎಂದು ಮೆಲ್ಲಗೆ ಅಂದರೆ ಮಾತ್ರ ಎಂಟು ಮಗ್ಗಗಳ ಆಚೆಯಿಂದಲೂ ಕೇಳುತ್ತಿತ್ತು.

ಗಂಡ ಹೆಂಡತಿ ನಿಪ್ಪಾಣಿಯ ಕಿವಿ ಡಾಕ್ಟರ ಹತ್ತಿರ ಹೋದರು. ಹೊರಗೆ ಬಾಕಿನ ಮೇಲೆ ಕುಳಿತಿದ್ದಾಗ ನರ್ಸ್ ಬಾಗಿಲಿಗೆ ಬಂದು ಮೂರು ಸಲ ಕೂಗಿದಳು. ಸುತ್ತ ಕುಳಿತವರೆಲ್ಲ ಯಾರು ಯಾರು ಎಂದು ಕತ್ತು ತಿರುಗಿಸಿದರು. ಭರತನೂ ಯಾರೆಂದು ಸುತ್ತ ನೋಡಿದ. ಕಾಜಲ ಮೊಣಕೈಯಿಂದ ತಿವಿದಳು. ಒಳಗೆ ಪರೀಕ್ಷೆ ಮಾಡಿದ ಡಾಕ್ಟರು, "ಮಗ್ಗದವರ ಕಿವಿ ಇಷ್ಟಾದರೂ ಕೆಟ್ಟಿರತಾವ. ಹೆದರೂವಂಥಾದ್ದು ಏನಿಲ್ಲ. ಬಲಗಿವಿ ಚೊಲೊ ಐತಿ" ಎಂದು ಕಳಿಸಿದರು.

ಕಾಜಲ ಬಹಳ ಮಾತಿನವಳಲ್ಲ, ಆದರೆ ಸೂಕ್ಷ್ಮ. ಮನೆಗೆ ಬಂದು ಮಗಳ ಬಸದಿ ಪಾಠಶಾಲೆಯ ಪುಸ್ತಕ ತೆಗೆದುಕೊಂಡು ಗಂಡನ ಎದುರು ಕುಳಿತಳು. "ನಾ ಓದತೇನಿ, ಕೇಳಿದ್ದ ಕೇಳಿದಂಗ ಹೇಳ್ರಿ" ಎಂದಳು. ಗಂಡನ ಹೆಸರನ್ನು ಎಂದೂ ಹಿಡಿಯದವಳು, ದೇವರ ಪುಸ್ತಕದಲ್ಲಿದೆ ಎಂದು ಧೈರ್ಯ ಮಾಡಿ, "ಆದಿನಾಥ ಸ್ವಾಮಿಯ ಹಿರಿಯ ಮಗ ಭರತ, ಅವನ ತಮ್ಮ ಬಾಹುಬಲಿ" ಎಂದು ಓದಿದಳು.

"ಆದಿನಾಥ ಸ್ವಾಮಿಯ ಹಿರಿಯ ಮಗ" ಎಂದ ಭರತ. ಸ್ವಲ್ಪ ತಡೆದ. "ಅವನ ತಮ್ಮ ಬಾಹುಬಲಿ."

ಕಾಜಲ ಪುಸ್ತಕ ಮುಚ್ಚಿದಳು. ಜಗತ್ತಿನ ಎಲ್ಲ ಸದ್ದೂ ಅವನಿಗೆ ಕೇಳುತ್ತದೆ, ತನ್ನ ಹೆಸರೊಂದನ್ನು ಬಿಟ್ಟು. ಮೂರು ಸಲ ಕರೆದರೂ ಓ ಅನ್ನದವರು ಯಾರು ಎಂದು ಅಕ್ಕವ್ವ ಹೇಳಿದ್ದು ಭರತನಿಗೆ ನೆನಪಾಯಿತು. ತಾನು ಬರೆದ ಆರು ಹಾಡುಗಳ ನೇಕಾರನೂ ನೆನಪಾದ. ದಿನವೂ ಶೆಡ್ಡಿಗೆ ಬರುತ್ತಾನೆ, ನೂಲು ಕೂಡಿಸುತ್ತಾನೆ, ಯಾರೂ ತನ್ನನ್ನು ಯಾಕೆ ಕರೆಯುವುದಿಲ್ಲ ಎಂದು ತಿಳಿಯದೆ ಇರುತ್ತಾನೆ.

ಸೀಮಾಳನ್ನು ಕರೆದುಕೊಂಡು ಕಬ್ಬೂರಕ್ಕೆ ಹೋದ. ಅಕ್ಕವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಕೇಳಿ ಮೊರ ಕೆಳಗಿಟ್ಟಳು.

"ಆ ಹೆಸರಿನವರು ಬ್ಯಾರೆ ಯಾರೂ ಇಲ್ಲ ಅಂದಿದ್ದಿ."

"ಇಲ್ಲ ಆಯಿ, ಖರೇನ."

"ನಾ ಹೊಳಿ ಆಚೀಕ ಹೋದವರನ್ನ ಕರದೆ. ಅವರು ಬಂದ ಓ ಅಂದ್ರು. ಹೆಸರಿನ ಮ್ಯಾಲ ಅವರ ಕೈ ಬಿತ್ತು. ಈ ಕಡೆ ಅದ ಹೆಸರ ಹೊತ್ತವರು ಯಾರರ ಇದ್ರ ಅವರಿಗೆ ಹೆಸರ ಉಳಿಯೂದಿಲ್ಲ, ತಮ್ಮಾ. ಒಂದ ಹೋದ್ರ ಇದ್ದ ಎಲ್ಲಾ ಹೆಸರೂ ಹೋಗತಾವ. ಮನಿಗಿ ಹೋಗು. ನಿಮ್ಮವ್ವನ್ನ ಕೇಳು, ತೊಟ್ಟಿಲದಾಗ ನಿನಗ ಏನ ಹೆಸರ ಇಟ್ಟಾರ ಅಂತ."

"ಮತ್ತ ಅದು ಇದ್ರ?"

"ಹೆತ್ತಾಕಿ ಆ ಹೆಸರ ಹಿಡದ ಕರಿಬೇಕು. ನೀ ಈ ಕಡಿಂದ ಓ ಅನಬೇಕು. ನನಗ ತಿಳದದ್ದು ಇಷ್ಟ." ಅವಳು ಮತ್ತೆ ಮೊರ ಎತ್ತಿಕೊಂಡಳು.

ಲಕ್ಷ್ಮಿಬಾಯಿ ದೇವರ ಕೋಣೆಯಲ್ಲಿ ಜಪದ ಮಣಿ ಎಣಿಸುತ್ತಿದ್ದಳು. ಭರತ ಹೊಸ್ತಿಲಲ್ಲಿ ಕುಳಿತು ಕಾದ. ಮಣಿ ಕಣ್ಣಿಗೊತ್ತಿಕೊಂಡು ಇಟ್ಟ ಮೇಲೆ ಕೇಳಿದ. ಅವಳ ಮುಖ ಬಿಳಿಚಿತು.

"ನಿನಗ ಯಾರ ಹೇಳಿದ್ರು?"

"ಏನಿಟ್ಟಿದ್ರವ್ವಾ?"

"ನಿಮ್ಮಪ್ಪಗ ತಂದಿ ಮ್ಯಾಲ ಬಾಳ ಜೀವ. ಹೋದವರು ತಿರುಗಿ ಬಂದಾರ ಅಂತ ತೊಟ್ಟಿಲದಾಗ ಅವರ ಹೆಸರ ಇಟ್ರು. ನಾ ಸೊಸಿ, ಮಾವನ ಹೆಸರ ಹ್ಯಾಂಗ ಹಿಡಿಯಾಕ ಬರತೈತಿ? ಕೂಸಿಗೆ ಬೈಬೇಕಂದ್ರೂ ಅದ ಹೆಸರಿಲೆ ಬೈಬೇಕು. ಹನ್ನೆರಡ ದಿನಾ ಬರೇ 'ಕೂಸ, ಕೂಸ' ಅಂದೆ. ಆಮ್ಯಾಲ ನಿಮ್ಮ ಸೋದರತ್ತಿ ಕರಿಯಾಕ ಒಂದ ಇರಲಿ ಅಂತ ಭರತ ಅಂದ್ಲು. ಅದ ಉಳೀತು. ಸಾಲ್ಯಾಗೂ ಅದನ್ನ ಬರಸಿದ್ವಿ." ಆ "ಭರತ" ಎಂಬಲ್ಲಿ ಅವಳ ತುಟಿ ಆಡಿದ್ದನ್ನು ಅವನು ನೋಡಿದ, ಹೆಸರು ಕಿವಿಗೆ ಬೀಳಲಿಲ್ಲ.

ಭರತ ನಡೆದದ್ದನ್ನೆಲ್ಲ ಹೇಳಿದ. ಅಕ್ಕವ್ವನಿಗೆ ತಾನು ಕೊಟ್ಟ ಗುರುತುಗಳನ್ನೂ ಹೇಳಿದ. "ನನ್ನ ಗುರುತಗೋಳನ್ನ ಹೇಳಿಬಿಟ್ಟೆ ಅವ್ವಾ. ಹಿಮ್ಮಡ ಬಡಿಯೂದು, ಹಲ್ಲಿಲೆ ನೂಲ ಕಡಿಯೂದು..."

"ನಿನ್ನವು ಅಂತ ತಿಳಕೊಂಡಿಯೇನ?" ಎಂದಳು ಲಕ್ಷ್ಮಿಬಾಯಿ. "ಅವೆಲ್ಲಾ ಅವರವು. ಅವರು ಪಡಸಾಲ್ಯಾಗ ಕುಂತು ಹಿಮ್ಮಡ ಬಡದ್ರ ನಾ ಒಳಗ ಊಟಕ್ಕ ಬಡಸತಿದ್ದೆ. ನೀ ಎಂಟ ತಿಂಗಳ ಕೂಸ ಇದ್ದಾಗ ತೊಡಿ ಮ್ಯಾಲ ಕುಂತ ಹಂಗ ಬಡಿಯಾಕ ಹತ್ತಿದಿ."

ಭರತ ತನ್ನ ಹಿಮ್ಮಡಿಯನ್ನು ನೋಡಿಕೊಂಡ.

"ನಮ್ಮ ಧರ್ಮದಾಗ ಹಂಗಿಲ್ಲ" ಎಂದಳು ಲಕ್ಷ್ಮಿಬಾಯಿ, ತನಗೆ ತಾನೇ ಹೇಳಿಕೊಳ್ಳುವಂತೆ. "ಜೀವ ಈ ದೇಹಾ ಬಿಟ್ಟಿದ್ದ ತಡಾ ಮತ್ತೊಂದ ದೇಹಾ ಹಿಡೀತೈತಿ. ಹಾದ್ಯಾಗ ಕಾಯಕೋತ ಕುಂಡರೂದಿಲ್ಲ. ಅಲ್ಲಿಂದ ಬಂದ ಓ ಅನ್ನಾಕ ಯಾರ ಅದಾರ?"

"ಹಂಗಾದ್ರ ಓ ಅಂದವರು ಯಾರವ್ವಾ?"

ಅವಳು ಜಪದ ಮಣಿಯನ್ನು ಮತ್ತೆ ಕೈಗೆತ್ತಿಕೊಂಡಳು. ಮದುವೆಯಾಗಿ ನಲವತ್ತು ವರ್ಷ ಆ ನಾಲಿಗೆಯ ಮೇಲೆ ಬರದ ಹೆಸರನ್ನು ಈಗ ಕೂಗಬೇಕಿತ್ತು. ಗಂಡ ತೀರಿಕೊಂಡ ದಿನವೂ, ಎದೆ ಬಡಿದುಕೊಂಡು ಅಳುವಾಗಲೂ, ಯಾರ ಮಗ ಎನ್ನುವ ಮಾತು ಬಂದಾಗ ಅವಳು ತಡೆದಿದ್ದಳು. ಓದು ಬರಹವಿಲ್ಲದ, ಹೊಲ ಮಗ್ಗ ಏನೊಂದೂ ತನ್ನ ಹೆಸರಿಗಿಲ್ಲದ ಆ ಹೆಂಗಸು ತನ್ನದೆಂದು ಕಾಪಾಡಿಕೊಂಡು ಬಂದದ್ದು ಇಂಥ ನೇಮಗಳನ್ನೇ. ಮೂರು ದಿನ ಬೆಳಿಗ್ಗೆ ಎದ್ದು ಬಸದಿಗೆ ಹೋದಳು. ಒಪ್ಪೊತ್ತು ಉಂಡಳು. ಪೂಜೆಯ ಅಕ್ಕಿ ಹಿಡಿದ ಕೈ ಎದೆಯ ಹತ್ತಿರವೇ ನಿಂತುಬಿಡುತ್ತಿತ್ತು ಎಂದು ನೋಡಿದವರು ಹೇಳಿದರು. ಆ ಮೂರು ದಿನವೂ ಅವನನ್ನು ಭರತ ಎಂದೇ ಕರೆದು ಕರೆದು ನೋಡುತ್ತಿದ್ದಳು. ಹಿಂದಿನಿಂದ, ಪಕ್ಕದಿಂದ, ಅವನು ಉಣ್ಣುವಾಗ ಎದುರಿನಿಂದ. ಅವನು ತುತ್ತು ಎತ್ತುತ್ತಲೇ ಇರುತ್ತಿದ್ದ.

ನಾಲ್ಕನೆಯ ದಿನ ನಡುಮಧ್ಯಾಹ್ನ ಅವಳು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಎಂಟೂ ಮಗ್ಗ ನಡೆಯುತ್ತಿದ್ದವು. ಭರತ ಬಾಗಿಲಿಗೆ ಬೆನ್ನು ಮಾಡಿ ಐದನೆಯ ಮಗ್ಗದ ಮೇಲೆ ಬಗ್ಗಿದ್ದ. ಹರಿದ ನೂಲನ್ನು ಕೂಡಿಸಿ, ಉಳಿದ ತುದಿಯನ್ನು ಕಡಿಯಲು ಎಡಗಡೆಯ ಹಲ್ಲಿಗೆ ಒಯ್ದಿದ್ದ. ಎದುರು ಸಾಲಿನಲ್ಲಿದ್ದ ಸಂಭಾಜಿ ಅವಳನ್ನು ನೋಡಿದ. ಮೊದಲು ಬಾಯಿ ತೆರೆದಳು, ಏನೂ ಬರಲಿಲ್ಲ. ಎರಡನೆಯ ಸಲ ತುಟಿ ಆಡಿತು, ಮಗ್ಗದ ಸದ್ದು ಅದನ್ನು ನುಂಗಿತು. ಮೂರನೆಯ ಸಲ ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೆರಿಗೆಯ ಹೆಂಗಸು ಕೂಗುವ ಹಾಗೆ ಕೂಗಿದಳು.

"ಭೀಮಗೊಂಡಾ!"

"ಓ" ಎಂದ ಭರತ.

ಅದು ಅವನಿಗೆ ಕೇಳಿತ್ತು. ಬಲಗಿವಿಗೋ ಎಡಗಿವಿಗೋ ಗೊತ್ತಿಲ್ಲ. ಅವ್ವನ ದನಿಯನ್ನು ವಾರಗಳ ಮೇಲೆ ಮೊದಲ ಸಲ ಪೂರ್ತಿ ಕೇಳಿದಂತೆ ಆಯಿತು. ಕೆಲಸ ಬಿಡದೆಯೇ, ನೂಲು ಹಲ್ಲಿನಲ್ಲಿರುವಾಗಲೇ ಓ ಅಂದಿದ್ದ.

"ಭರತಣ್ಣಾ, ಅವ್ವಾರ ಬಂದಾರ ನೋಡ್ರಿ" ಎಂದ ಸಂಭಾಜಿ. ಅದೂ ಕೇಳಿತು. ಭರತಣ್ಣಾ. ನಡುವೆ ತೂತಿಲ್ಲದೆ, ಇಡಿಯಾಗಿ. ಅವನ ಕಣ್ಣು ತುಂಬಿ ಬಂತು. ನಗುತ್ತ ಬಾಗಿಲ ಕಡೆ ತಿರುಗಿದ. ಯಾರು ಮಾತಾಡಿದರೂ ಮಾಡುವಂತೆ ತಲೆಯನ್ನು ಬಲಕ್ಕೆ ವಾಲಿಸಿ, "ಕೇಳಿತವ್ವಾ!" ಎಂದ.

ಲಕ್ಷ್ಮಿಬಾಯಿ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಅವಳ ಕೈ ತಾನಾಗಿ ಮೇಲೆದ್ದಿತು. ಬೆನ್ನ ಮೇಲಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಣೆಯ ತನಕ ಇಳಿಸಿ, ಪಕ್ಕಕ್ಕೆ ತಿರುಗಿ ನೆಲ ನೋಡುತ್ತ ನಿಂತಳು. ಮಾವ ಎದುರು ಬಂದಾಗ ಆ ಮನೆಯ ಸೊಸೆಯಂದಿರು ನಿಲ್ಲುತ್ತಿದ್ದ ಹಾಗೆ.

ಆಲ್ಬಮ್ ಮಳೆಗಾಲದ ಮೊದಲು ಹೊರಬಂತು. ಏಳನೆಯ ಹಾಡಿನ ಬಗ್ಗೆ ಅಮೋಲ ಬಹಳ ಜಗಳ ಆಡಲಿಲ್ಲ. ಸೀಮಾ "ಆ ಓ ಇದ್ರ ನಾ ಬೇಸ್ ಹಿಡಿಯೂದಿಲ್ಲ" ಎಂದಿದ್ದಳು. ಅಕ್ಕವ್ವನ ಒಪ್ಪಿಗೆ ಕೇಳಿ ಎರಡನೆಯ ಕರೆಯ ತನಕ ಇಟ್ಟುಕೊಂಡು, ಹೆಸರನ್ನು ತೆಗೆದು, ಆ ಜಾಗದಲ್ಲಿ ಭರತನ ಡ್ರಮ್ಮು ಮಾತ್ರ ಹಾಕಿದರು. ಕೇಳಿದವರು ಮೆಚ್ಚಿದರು. ಶೈಲಾ ಮತ್ತೆ ಬಂದಳು. "ಈ ಆಲ್ಬಮ್ ನಿಮ್ಮಿಂದ ಏನ ತಗೊಂಡಿತು?" ಎಂದು ಕೇಳಿದಳು. ಅಮೋಲ ಏನೇನೋ ಹೇಳಿದ. ಭರತ ತನ್ನ ಸರದಿ ಬಂದಾಗ ಡ್ರಮ್ಮಿನ ಕಡ್ಡಿಗಳನ್ನು ಕೈಯಲ್ಲಿ ತಿರುಗಿಸುತ್ತ, "ನಮ್ಮವ್ವ ಮೊದಲ ಬಾಳ ಮಾತಾಡತಿದ್ದಳ್ರಿ" ಎಂದಷ್ಟೇ ಹೇಳಿದ.

ಈಗ ಅವನಿಗೆ ಎಲ್ಲರ ಕರೆಯೂ ಕೇಳುತ್ತದೆ. ಚಹಾದಂಗಡಿಯವನು, ಸಂಭಾಜಿ, ಅಮೋಲ, ಸೀಮಾ ಯಾರು ಹೆಸರು ಹಿಡಿದರೂ ತಿರುಗುತ್ತಾನೆ. ಕರೆಯದವಳು ಒಬ್ಬಳೇ. ಅವನು ಪಡಸಾಲೆಗೆ ಬಂದರೆ ಅವಳು ಎದ್ದು ಒಳಗೆ ಸರಿಯುತ್ತಾಳೆ. ಬಾಗಿಲಲ್ಲಿ ಎದುರಾದರೆ ಅವನು ದಾಟುವ ತನಕ ಗೋಡೆಗೆ ಅಂಟಿ ನಿಲ್ಲುತ್ತಾಳೆ. ಅವನು ಕುಳಿತು ಹಿಮ್ಮಡಿ ಬಡಿದರೆ, "ಕಾಜಲ, ಊಟಕ್ಕ ಬಡಸವಾ, ಹೊತ್ತ ಮುಳಗೂದ್ರಾಗ ಉಣತಾರ" ಎಂದು ಸೊಸೆಗೆ ಹೇಳುತ್ತಾಳೆ.

ಒಂದು ದಿನ ಬಿಸಿಲು ಇನ್ನೂ ಅಂಗಳದಲ್ಲಿದ್ದಾಗ ಭರತ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕುಳಿತ. ಲಕ್ಷ್ಮಿಬಾಯಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಿಂದಲೇ ಸೆರಗು ಮುಂದಕ್ಕೆಳೆದುಕೊಂಡಳು.

"ಅವ್ವಾ, ಒಂದ ಸಲ ಭರತ ಅನ್ನು. ಮೊದಲಿನಂಗ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮುಖ ಗೋಡೆಯ ಕಡೆಗಿತ್ತು. ಬಹಳ ಮೆತ್ತಗೆ, ಬಹಳ ಗೌರವದಿಂದ ಅಂದಳು:

"ಹಂಗ ಹೆಸರ ಹಿಡದ ಕರಿಯಾಕ ಬರೂದಿಲ್ರಿ ನನಗ."